ಅಪ್ಪನ ಸೇನಾ ದಾಖಲೆ ತೆಗೆಸಿದ ಬಗೆ

ಸಿಪಾಯಿಯಿಂದ ಸುಬೇದಾರ್ ಮೇಜರ್‌ವರೆಗಿನವರ ಕಡತ ದೆಹಲಿಯ ಮುಖ್ಯಾಲಯದಲ್ಲಿ ಇರುವುದಿಲ್ಲ. ಅವರ ರೆಜಿಮೆಂಟ್ ಅಥವಾ ಕೋರ್‌ನ ರೆಕಾರ್ಡ್ ಆಫೀಸಿನಲ್ಲಿರುತ್ತದೆ. ನಮ್ಮ ತಂದೆ ಮದ್ರಾಸ್ ಸ್ಯಾಪರ್ಸ್‌ನವರು, ಹಾಗಾಗಿ ನಾನು ಬರೆದದ್ದು ಬೆಂಗಳೂರಿನ ಎಂಇಜಿ (ಮದ್ರಾಸ್ ಎಂಜಿನಿಯರ್ ಗ್ರೂಪ್, ಸ್ಯಾಪರ್ಸ್‌ನ ಅಧಿಕೃತ ಹೆಸರು) ರೆಕಾರ್ಡ್ಸ್‌ಗೆ. ಮರಾಠಾ ಲೈಟ್ ಇನ್‌ಫೆಂಟ್ರಿಯಾದರೆ ಬೆಳಗಾವಿ, ಮದ್ರಾಸ್ ರೆಜಿಮೆಂಟಾದರೆ ನೀಲಗಿರಿಯ ವೆಲ್ಲಿಂಗ್ಟನ್, ಸಿಗ್ನಲ್ಸ್‌ಗೆ ಜಬಲ್ಪುರ, ಆರ್ಟಿಲರಿಗೆ ನಾಸಿಕ್ ರೋಡ್, ಯಂತ್ರ, ವಾಹನ ದುರಸ್ತಿಯ ಇಎಂಇ ಕೋರ್‌ಗೆ ಸಿಕಂದರಾಬಾದ್. ವಾಯುಸೇನೆಯ ಏರ್‌ಮನ್‌ಗಳದ್ದು ದೆಹಲಿಯ ಸುಬ್ರೊತೊ ಪಾರ್ಕ್, ನೌಕಾಪಡೆಯ ಸೇಲರ್‌ಗಳದ್ದು ಮುಂಬೈನ ಮಾನ್‌ಖುರ್ದ್.

ಕಾಗದ ಬರೆಯುವ ಮೊದಲು ಸರ್ವಿಸ್ ನಂಬರ್ ಹುಡುಕಿಕೊಳ್ಳಿ. ಅದಿಲ್ಲದೆ ಹೆಸರು, ಊರು ಮಾತ್ರ ಕೊಟ್ಟರೆ ಕಡತ ಸಿಗುವುದು ಬಹಳ ಕಷ್ಟ. ಡಿಸ್ಚಾರ್ಜ್ ಬುಕ್, ಪಿಂಚಣಿ ಮಂಜೂರಾತಿಯ ಆದೇಶ (ಪಿಪಿಒ), ಮಾಜಿ ಸೈನಿಕರ ಗುರುತಿನ ಚೀಟಿ, ಹಳೆಯ ಕ್ಯಾಂಟೀನ್ ಕಾರ್ಡ್, ಅಮ್ಮನ ಪೆಟ್ಟಿಗೆಯಲ್ಲಿ ಉಳಿದ 56 ಎಪಿಒ (ಸೇನಾ ಅಂಚೆ) ವಿಳಾಸದ ಲಕೋಟೆಗಳು, ಇವುಗಳಲ್ಲಿ ಎಲ್ಲಾದರೂ ಇರುತ್ತದೆ. ಯಾವುದೂ ಇಲ್ಲದಿದ್ದರೆ ಪದಕ ನೋಡಿ. ದುಂಡು ಪದಕದ ಅಂಚಿನ ಮೇಲೆ, ನಕ್ಷತ್ರದಾಕಾರದ ಸ್ಟಾರ್ ಆದರೆ ಹಿಂಬದಿಯಲ್ಲಿ, ನಂಬರ್, ಹುದ್ದೆ, ಹೆಸರು ಕೊರೆದಿರುತ್ತಾರೆ. ಬ್ರಾಸೋದಂಥ ಲೋಹದ ಪಾಲಿಶ್ ಹಾಕಿ ಉಜ್ಜಬೇಡಿ, ಸವೆದ ಅಕ್ಷರ ಪೂರ್ತಿ ಹೋಗಿಬಿಡುತ್ತದೆ. ಒಣ ಮೆತ್ತನೆಯ ಬಟ್ಟೆಯಿಂದ ಒರೆಸಿ, ಕತ್ತಲ ಕೋಣೆಯಲ್ಲಿ ಟಾರ್ಚನ್ನು ಅಡ್ಡಡ್ಡ ಹಿಡಿದು ಅಂಚನ್ನು ಸ್ವಲ್ಪಸ್ವಲ್ಪವೇ ತಿರುಗಿಸುತ್ತಾ ಫೋಟೊ ತೆಗೆದರೆ ಬರಿಗಣ್ಣಿಗೆ ಕಾಣದ ಅಂಕಿಯೂ ಓದಲು ಬರುತ್ತದೆ. ಪದಕವೂ ಇಲ್ಲವೆಂದರೆ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಲ್ಲಿ ಕೇಳಿ. ನಿವೃತ್ತಿಯ ನಂತರ ಅಲ್ಲಿ ಹೆಸರು ನೋಂದಾಯಿಸಿದ್ದರೆ ನಂಬರ್ ಅವರ ಬಳಿ ಇರುತ್ತದೆ.

ನಂಬರ್ ಸಿಕ್ಕಮೇಲೂ ಎಡವುವ ಜಾಗ ಎರಡಿವೆ. ನಾಯಬ್ ಸುಬೇದಾರ್ ಆದವರಿಗೆ ಜೆಸಿ ಎಂದು ಶುರುವಾಗುವ ಹೊಸ ನಂಬರ್ ಬರುತ್ತದೆ. ಹಳೆಯದು, ಹೊಸದು ಎರಡನ್ನೂ ಬರೆಯಬೇಕು. ಇನ್ನೊಂದು ಹೆಸರಿನದು. ಭರ್ತಿಯ ದಿನ ಗುಮಾಸ್ತರ ಕಿವಿಗೆ ಕೇಳಿದ್ದೇ ಇಂಗ್ಲಿಷಿನಲ್ಲಿ ಉಳಿದಿರುತ್ತದೆ. ಮುತ್ತಣ್ಣ, ಗೌಡ, ಪೂವಯ್ಯ ಇಂಥ ಹೆಸರುಗಳನ್ನು ಎರಡು ಮೂರು ಥರ ಬರೆದಿರುತ್ತಾರೆ. ಕೊಡಗಿನವರ ಮನೆತನದ ಹೆಸರು ಬರೀ ಇನಿಷಿಯಲ್ ಆಗಿರಬಹುದು, ಇಲ್ಲವೇ ಬಿಟ್ಟೇ ಹೋಗಿರಬಹುದು. ಅರ್ಜಿಯಲ್ಲಿ ಎಲ್ಲ ಕಾಗುಣಿತವನ್ನೂ ಕೊಟ್ಟು, ಜೊತೆಗೆ ಅಜ್ಜನ ಹೆಸರು, ಹಳ್ಳಿ, ಆಗಿನ ತಾಲ್ಲೂಕು, ಜಿಲ್ಲೆ ಬರೆಯಿರಿ.

ಅರ್ಜಿಯಲ್ಲಿ "ತಂದೆಯವರ ಎಲ್ಲ ಮಾಹಿತಿ ಕೊಡಿ" ಎಂದರೆ ಭರ್ತಿ ಮತ್ತು ಬಿಡುಗಡೆಯ ತಾರೀಖು ಬರೆದು ಮುಗಿಸುತ್ತಾರೆ. ಕಾಗದಗಳನ್ನು ಹೆಸರು ಹಿಡಿದೇ ಕೇಳಬೇಕು: ಶೀಟ್ ರೋಲ್ (ಸೈನಿಕನ ಸೇವೆಯ ಮುಖ್ಯ ದಾಖಲೆ), ಪಾರ್ಟ್ ಟೂ ಆರ್ಡರ್‌ಗಳ ಪ್ರತಿ, ಸಲ್ಲಬೇಕಾದ ಪದಕಗಳ ವಿವರ, ಲಾಂಗ್ ರೋಲ್‌ನ ನಕಲು. ಜೊತೆಗೆ ಮರಣ ಪ್ರಮಾಣಪತ್ರ, ಸಂಬಂಧ ತೋರಿಸುವ ದಾಖಲೆ, ನಿಮ್ಮ ಗುರುತಿನ ಚೀಟಿ, ಡಿಸ್ಚಾರ್ಜ್ ಬುಕ್ಕಿನ ಜೆರಾಕ್ಸ್ ಇಡಿ. ಸಾದಾ ಪತ್ರಕ್ಕೆ ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕದೊಂದಿಗೆ ಕೇಳಬಹುದು. ಪ್ರತಿ ಪುಟಕ್ಕೆ 2 ರೂಪಾಯಿ, ಉತ್ತರಕ್ಕೆ 30 ದಿನದ ಗಡುವು. ಆ ಕಾಯ್ದೆಯಲ್ಲಿ ಕಾರಣ ಹೇಳಬೇಕಿಲ್ಲ, ಆದರೆ ನೀವು ಮಕ್ಕಳೆಂಬ ಪುರಾವೆ ಇಡದಿದ್ದರೆ ವೈಯಕ್ತಿಕ ಮಾಹಿತಿ ಎಂದು ಅದೇ ಕಾಯ್ದೆಯ 8(1)(ಜೆ) ಕಲಮಿನಡಿ ತಿರಸ್ಕರಿಸುತ್ತಾರೆ.

"ದಾಖಲೆ ನಾಶವಾಗಿದೆ" ಎಂಬ ಉತ್ತರಕ್ಕೆ ಕೈಬಿಡಬೇಡಿ. ಪಿಂಚಣಿ ಇಲ್ಲದೆ ಬಂದವರ ಕಡತವನ್ನು 25 ವರ್ಷ ಇಟ್ಟು ನಾಶಪಡಿಸುವುದು ಸೇನೆಯ ನಿಯಮಾವಳಿಯಲ್ಲೇ (ಪ್ಯಾರಾ 595) ಇದೆ, ಅದು ಯಾರ ಬೇಜವಾಬ್ದಾರಿಯೂ ಅಲ್ಲ. ಆದರೆ ಲಾಂಗ್ ರೋಲ್ ಎಂಬ ದಪ್ಪ ರಿಜಿಸ್ಟರ್ ಉಳಿದಿರುತ್ತದೆ. ಅದರಲ್ಲಿ ಒಬ್ಬೊಬ್ಬರಿಗೆ ಸಿಗುವುದು ಕೆಲವೇ ಕಾಲಮು. ಮನೆತನದ ಚರಿತ್ರೆಗೆ ಆ ಒಂದು ಸಾಲೂ ದೊಡ್ಡದೇ, ಅದಕ್ಕೇ ಮೊದಲ ಅರ್ಜಿಯಲ್ಲೇ ಅದನ್ನು ಸೇರಿಸಿ ಎನ್ನುತ್ತೇನೆ.

ಬಂದ ಕಾಗದಗಳಲ್ಲಿ ನನ್ನ ಮಟ್ಟಿಗೆ ಬೆಲೆಬಾಳುವುದು ಪಾರ್ಟ್ ಟೂ ಆರ್ಡರ್. ಮದುವೆ, ಮಕ್ಕಳ ಜನನ, ರಜೆ, ವರ್ಗಾವಣೆ, ಬಡ್ತಿ ಎಲ್ಲವೂ ತಾರೀಖಿನ ಸಮೇತ ಅದರಲ್ಲಿ ಪ್ರಕಟವಾಗಿರುತ್ತದೆ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದ ಹುಟ್ಟಿದ ದಿನಕ್ಕಿಂತ ಎಷ್ಟೋ ಸಲ ಇದೇ ನಿಜವಾದದ್ದು. ಪದಕಗಳನ್ನು ಯೂನಿಟ್ಟಿನ ಜೊತೆ ಹೊಂದಿಸಿ ಓದಿ. 1971ರ ಯುದ್ಧಕ್ಕೆ ಪೂರ್ವಿ ಸ್ಟಾರ್ ಎಂದರೆ ಬಾಂಗ್ಲಾ ಕಡೆ, ಪಶ್ಚಿಮಿ ಸ್ಟಾರ್ ಎಂದರೆ ಪಾಕಿಸ್ತಾನದ ಪಶ್ಚಿಮ ಗಡಿ. ಸಂಗ್ರಾಮ್ ಮೆಡಲ್ ಒಂದನ್ನೇ ನೋಡಿ ಮುಂಚೂಣಿಯಲ್ಲಿದ್ದರು ಎಂದು ಬರೆಯಬೇಡಿ. ಪಶ್ಚಿಮಿ ಸ್ಟಾರ್ ಇದ್ದು, ಆ ಡಿಸೆಂಬರಿನಲ್ಲಿ ಯೂನಿಟ್ 9 ಎಂಜಿನಿಯರ್ ರೆಜಿಮೆಂಟ್ ಎಂದಿದ್ದರೆ, ಆ ಪಶ್ಚಿಮ ಗಡಿಯ ಬಸಂತರ್ ಹೊಳೆಯ ದಡದಲ್ಲಿ ಟ್ಯಾಂಕ್‌ಗಳಿಗಾಗಿ ನೆಲಬಾಂಬುಗಳನ್ನು (ಮೈನ್) ತೆಗೆದು ದಾರಿ ಮಾಡಿದ ಪಡೆ ಅದು.

1947ಕ್ಕೆ ಮೊದಲು ಮೈಸೂರು ಮಹಾರಾಜರ ಸೇನೆಯಲ್ಲಿದ್ದವರಾದರೆ ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿರುವ ಸಂಸ್ಥಾನದ ಕಡತಗಳಿಂದ ಶುರುಮಾಡಿ. ಸಂಸ್ಥಾನದ ಪಡೆಗಳು ಭಾರತೀಯ ಸೇನೆಯಲ್ಲಿ ವಿಲೀನವಾದ ಮೇಲೂ ಸೇವೆ ಮುಂದುವರಿಸಿದ್ದರೆ, ಆಮೇಲೆ ಸೇರಿದ ರೆಜಿಮೆಂಟಿನ ರೆಕಾರ್ಡ್ ಆಫೀಸಿಗೂ ಬರೆಯಬೇಕು. ಎರಡನೇ ಮಹಾಯುದ್ಧದಲ್ಲಿ ಮಡಿದವರ ಹೆಸರು ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ಆನ್‌ಲೈನ್ ಪಟ್ಟಿಯಲ್ಲಿ ಸಿಗುತ್ತದೆ. ಅಲ್ಲಿ ಹೆಸರಿಗಿಂತ ಸರ್ವಿಸ್ ನಂಬರ್ ಹಾಕಿ ಹುಡುಕಿದರೆ ಬೇಗ.