ನಾವು ಯಾರ ಕಡೆ, ಸಾರ್?

ಮೊದಲ ದಿನದ ತಾಲೀಮಿನಲ್ಲೇ ಒಬ್ಬರು ಕೇಳಿದರು. "ಸಾರ್, ನಾವು ಯಾರ ಕಡೆ? ಹುಡುಗಿ ಕಡೆನಾ, ರಾಜನ ಕಡೆನಾ?" ಹಗಲು ಬ್ಯಾಂಕು, ಸಂಜೆ ನಾಟಕ ಅನ್ನುವ ಮನುಷ್ಯ. "ಯಾರ ಕಡೆಯೂ ಅಲ್ಲ, ನೀವು ಮೇಳ" (ಗ್ರೀಕ್ ನಾಟಕದಲ್ಲಿ ಒಟ್ಟಾಗಿ ಹಾಡಿ ಕುಣಿಯುವ ಗುಂಪು, ಕೋರಸ್) ಎಂದು ತೇಲಿಸಿಬಿಟ್ಟೆ. ಅದು ತಪ್ಪು ಉತ್ತರ ಅಂತ ಗೊತ್ತಾಗಲು ಮೂರು ವಾರ ಬೇಕಾಯಿತು.

ನಾವು ಆಡಿದ್ದು ಹಳೆಯ ಗ್ರೀಕ್ ನಾಟಕಕಾರ ಸೊಫೊಕ್ಲಿಸ್‌ನ 'ಅಂತಿಗೊನೆ'. ಕ್ರಿ.ಪೂ. 441ರ ಆಸುಪಾಸಿನ ನಾಟಕ. ಥೀಬ್ಸ್ ನಗರದಲ್ಲಿ ಅಣ್ಣತಮ್ಮ ಒಬ್ಬರನ್ನೊಬ್ಬರು ಕೊಂದುಕೊಂಡಿದ್ದಾರೆ. ದಂಡೆತ್ತಿ ಬಂದವನ ಹೆಣವನ್ನು ಯಾರೂ ಮಣ್ಣು ಮಾಡಕೂಡದು ಅಂತ ಹೊಸ ರಾಜ ಕ್ರಿಯಾನ್ ಆಜ್ಞೆ ಮಾಡುತ್ತಾನೆ. ಅವನು ಅವರ ಸೋದರಮಾವನೇ. ಸತ್ತವರ ತಂಗಿ ಅಂತಿಗೊನೆ ಹೋಗಿ ಮಣ್ಣು ಹಾಕಿ ಬರುತ್ತಾಳೆ. ಅದಕ್ಕೆ ರಾಜ ಅವಳನ್ನು ಜೀವಂತವಾಗಿ ಗೋರಿಯಲ್ಲಿ ಮುಚ್ಚಿಸುತ್ತಾನೆ. ನಮ್ಮ ಕಡೆಯ ಪ್ರೇಕ್ಷಕರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ಒಂದು ಹಿಡಿ ಮಣ್ಣು ಅಂದರೆ ಏನು ಅಂತ ಎಲ್ಲರಿಗೂ ಗೊತ್ತು.

ಸೊಫೊಕ್ಲಿಸ್‌ನ ಮೇಳದಲ್ಲಿ 15 ಜನ, ಅವನಿಗಿಂತ ಮುಂಚೆ 12. ಕಸುಬಿನ ನಟರಲ್ಲ, ಅಥೆನ್ಸಿನ ಸಾಮಾನ್ಯ ಪೌರರು. ಯಾರಾದರೂ ಸಿರಿವಂತ ಅವರ ತಾಲೀಮಿನ ಖರ್ಚು ಹೊರುತ್ತಿದ್ದ. ನನಗೆ ಅಂಥವರು ಯಾರೂ ಸಿಗಲಿಲ್ಲ. ಸಿಕ್ಕಿದ್ದು 9 ಜನ ಮತ್ತು ಒಂದು ಡೋಲು.

ಮೇಳ ಅಂದಕೂಡಲೇ ನನಗೆ ನೆನಪಾಗಿದ್ದು ಯಕ್ಷಗಾನದ ಹಿಮ್ಮೇಳ. ಒಂಬತ್ತೂ ಜನರನ್ನು ಬದಿಗೆ ಕೂರಿಸಿದೆ. ಸಪ್ಪೆ ಅಂದ್ರೆ ಸಪ್ಪೆ. ಭಾಗವತರ ತಲೆ ತೆಗೆಸುವ ಅಧಿಕಾರ ವೇಷದ ರಾಜನಿಗಿಲ್ಲ, ಅಲ್ವಾ? ಇಲ್ಲಿ ಹಾಗಲ್ಲ. ಈ ಮೇಳದವರು ಥೀಬ್ಸಿನ ಹಿರಿಯರು. ರಾಜನೇ ಕರೆಸಿರುವುದು. ಅವರಿಗೂ ಜೀವದ ಆಸೆ ಇದೆ.

ಎರಡನೇ ತೊಂದರೆ ಮಾತಿನದು. ಎಲ್ಲರೂ ಒಟ್ಟಿಗೆ ಹೇಳಿದರೆ ಏನೂ ಕೇಳದು, ಬರೀ ಗುಂಯ್ ಅನ್ನುವ ಸದ್ದು. ಮೇಳದ ಒಂದು ದೊಡ್ಡ ಹಾಡು ಮನುಷ್ಯನ ಬಗ್ಗೆ: ಹಡಗು, ನೇಗಿಲು, ಹಕ್ಕಿಗೆ ಒಡ್ಡಿದ ಬಲೆ, ಎಲ್ಲ ಕಂಡುಹಿಡಿದ, ಸಾವಿಗೆ ಮಾತ್ರ ದಾರಿ ಕಾಣದವ. ಗ್ರೀಕಿನಲ್ಲಿ ಅಲ್ಲಿರುವ ಪದ 'ಡೈನೋನ್'. ಅದಕ್ಕೆ ಅದ್ಭುತ ಅಂತಲೂ ಅರ್ಥ, ಭೀಕರ ಅಂತಲೂ ಅರ್ಥ. ವಾರಗಟ್ಟಲೆ ಪದ ಹುಡುಕಿದೆ. ಕೊನೆಗೆ ಟೀ ಕುಡಿಯುವಾಗ ಯಾರೋ "ಆ ಹುಡುಗ ಭಯಂಕರ ಬುದ್ಧಿವಂತ" ಅಂದರು. ಸಿಕ್ಕಿಬಿಡ್ತು! "ಭಯಂಕರವಾದದ್ದು ಎಷ್ಟೋ ಇವೆ, ಮನುಷ್ಯನಷ್ಟು ಭಯಂಕರ ಯಾವುದೂ ಇಲ್ಲ." ಒಬ್ಬೊಬ್ಬರು ಒಂದೊಂದು ಸಾಲು ಹೇಳುವುದು, 'ಭಯಂಕರ' ಬಂದಾಗ ಮಾತ್ರ ಎಲ್ಲರೂ. ಮೊದಲ ಸಲ ಮೆಚ್ಚಿ ಹೇಳಬೇಕು, ಕೊನೆಯ ಸಲ ಹೆದರಿ.

ಆಮೇಲೆ ಬ್ಯಾಂಕಿನವರ ಪ್ರಶ್ನೆಗೆ ವಾಪಸ್ ಬಂದೆ. ಹಿರಿಯರು ರಾಜನಿಗೆ ಏನೇನು ಹೇಳುತ್ತಾರೆ, ಅಷ್ಟನ್ನೇ ಒಂದು ಹಾಳೆಯಲ್ಲಿ ಬರೆದೆ. ಮೊದಲು, ನಿನ್ನ ಇಷ್ಟದಂತೆ ಆಗಲಿ. ಹೆಣದ ಮೇಲೆ ಮಣ್ಣು ಬಿದ್ದಿದೆ ಅಂತ ಗೊತ್ತಾದಾಗ, ಇದು ದೇವರ ಕೆಲಸ ಇರಬಹುದೇನೋ. ಬೈಸಿಕೊಂಡು ಸುಮ್ಮನಾಗುತ್ತಾರೆ. ರಾಜನೂ ಅವನ ಮಗನೂ ಜಗಳವಾಡುವಾಗ, ಇಬ್ಬರ ಮಾತೂ ಸರಿ. ಕುರುಡ ಕಾಲಜ್ಞಾನಿ ಬಂದು ಎಚ್ಚರಿಸಿ ಹೋದ ಮೇಲೆ ಮಾತ್ರ ನೇರವಾಗಿ ಹೇಳುತ್ತಾರೆ: ಹೋಗು, ಹುಡುಗಿಯನ್ನು ಬಿಡಿಸು, ಸತ್ತವನನ್ನು ಮಣ್ಣು ಮಾಡು. ಅಷ್ಟು ಹೊತ್ತಿಗೆ ತಡವಾಗಿದೆ. ಅಂತಿಗೊನೆ ಇದನ್ನು ರಾಜನ ಮುಖಕ್ಕೇ ಹೇಳಿದ್ದಳು: ಭಯ ಇವರ ಬಾಯಿ ಕಟ್ಟದಿದ್ದರೆ ಇವರೆಲ್ಲ ನನ್ನನ್ನು ಮೆಚ್ಚುತ್ತಿದ್ದರು.

ಮರುದಿನ ಹಾಳೆ ಕೊಟ್ಟು, "ನೀವು ಹೆದರಿಕೊಂಡವರು ಸಾರ್" ಅಂದೆ. "ಹಂಗ್ ಹೇಳಿ ಮತ್ತೆ" ಅಂದರು. ಅವತ್ತಿನಿಂದ ನಿಲ್ಲುವ ಭಂಗಿಯೇ ಬದಲಾಯಿತು. ಪ್ರತಿ ಮಾತಿಗೂ ಸಿಂಹಾಸನದಿಂದ ಒಂದೊಂದೇ ಹೆಜ್ಜೆ ದೂರ.

ಸಂಕೇತಗಳ ಹುಚ್ಚು ನನಗೂ ಇತ್ತು. ಕೆಂಪು ಬಟ್ಟೆ, ಕಾಗೆಯ ಮುಖವಾಡ, ಏನೇನೋ. ಎಲ್ಲ ತೆಗೆದು ಹಾಕಿದೆ. ಗೋರಿಯೇ ತನ್ನ ಮದುವೆಯ ಕೋಣೆ ಅಂತ ಅಂತಿಗೊನೆ ಬಾಯಿಬಿಟ್ಟು ಹೇಳುವಾಗ ಬಟ್ಟೆ ಯಾಕೆ? ಉಳಿಸಿಕೊಂಡಿದ್ದು ಮಣ್ಣು ಮಾತ್ರ. ನಾಟಕದಲ್ಲಿ ಅದನ್ನು 'ಬಾಯಾರಿದ' ಮಣ್ಣು ಅನ್ನುತ್ತಾರೆ. ಮೂಲದಲ್ಲಿ ಮಣ್ಣು ಹಾಕುವುದು ರಂಗದ ಆಚೆ ನಡೆಯುತ್ತದೆ, ಕಾವಲುಗಾರ ಬಂದು ವರದಿ ಹೇಳುತ್ತಾನೆ ಅಷ್ಟೇ. ನಾನು ಸ್ವಾತಂತ್ರ್ಯ ತಗೊಂಡು ಶುರುವಿನಲ್ಲೇ ರಂಗದ ನಡುವೆ ಹಾಕಿಸಿದೆ. ಜರಡಿ ಹಿಡಿದ ಕೆಮ್ಮಣ್ಣು ಹಾಕಿದರೆ ಮುಂದಿನ ಸಾಲಿನವರಿಗೆ ಕೆಮ್ಮು. ನೀರು ಚಿಮುಕಿಸಿದರೆ ಬಾಯಾರಿಕೆ ಎಲ್ಲಿ ಬಂತು! ಕೊನೆಗೆ ಅರ್ಧಕ್ಕರ್ಧ ಮರಳು ಬೆರೆಸಿದೆವು. ಹಲಗೆಯ ಮೇಲೆ ಬೀಳುವಾಗ ಸರ್ ಅನ್ನುವ ಸದ್ದು, ಹಿಂದಿನ ಸಾಲಿಗೂ ಕೇಳುವಂತೆ.

ಪ್ರದರ್ಶನದ ದಿನ ನಾನು ಯೋಚಿಸದೇ ಇದ್ದದ್ದೊಂದು ಆಯಿತು. ರಾಜ ಹುಡುಗಿಯನ್ನು ಬಿಡಿಸಲು ಓಡಿದ್ದಾನೆ. ಇನ್ನೇನು ಎಲ್ಲ ಸರಿಹೋಯಿತು ಅಂತ ಮೇಳ ಡಯೊನೈಸಸ್ ದೇವರನ್ನು ಕರೆದು ಕುಣಿಯುತ್ತದೆ. ಕುಣಿದದ್ದು ಅದೇ ಮಣ್ಣಿನ ಮೇಲೆ, ಬರಿಗಾಲಲ್ಲಿ. ದೂತ ಬಂದು ಸಾವಿನ ಸುದ್ದಿ ಹೇಳುವಾಗ ಒಂಬತ್ತೂ ಜನರ ಬಿಳಿ ಪಂಚೆ ಮೊಣಕಾಲವರೆಗೆ ಕೆಂಪು. ಸಭೆ ಅದನ್ನೇ ನೋಡುತ್ತಿತ್ತು.

ನಾಟಕ ಮುಗಿದ ಮೇಲೆ ಬ್ಯಾಂಕಿನವರು ಪಂಚೆ ಕೊಡವುತ್ತಾ ಬಂದರು. "ಇದು ಹೋಗುತ್ತಾ ಸಾರ್? ನಮ್ಮ ಮಾವಂದು."