ಬಂಗಡೆಯ ಕಿವಿರಿನಿಂದ ಶುರುವಾಗುವ ಹೃದಯದ ಪಾಠ

ಹೃದಯದಲ್ಲಿ ಮೀನಿಗೆ ಎರಡು ಕೋಣೆ, ಕಪ್ಪೆಗೆ ಮೂರು, ಹಕ್ಕಿಗೂ ನಮಗೂ ನಾಲ್ಕು. ಹತ್ತನೇ ತರಗತಿ ಮಕ್ಕಳು ಇದನ್ನು ಬಾಯಿಪಾಠ ಮಾಡಿ ಮಾರ್ಕು ತೆಗೆಯುತ್ತಾರೆ. ಯಾಕೆ ಹಾಗೆ ಎಂದು ಕೇಳಿದರೆ, ‘ಮೀನು ಕೆಳಮಟ್ಟದ ಪ್ರಾಣಿ ಅಲ್ವಾ ಅಕ್ಕೋರೆ’ ಎನ್ನುತ್ತಾರೆ. ಈ ಉತ್ತರವನ್ನು ನಾನು ಒಪ್ಪುವುದಿಲ್ಲ. ಕಾರವಾರದ ಮಕ್ಕಳಿಗೆ ಮೀನಿನ ಬಗ್ಗೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿರುವುದಿಲ್ಲ. ಹಾಗಾಗಿ ಪಾಠವನ್ನು ಮೀನಿನಿಂದಲೇ ಶುರು ಮಾಡುತ್ತೇನೆ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವುದಿಲ್ಲ. ಆಗ ಸಿಗುವ ಐಸಿನ ಮೀನಿನ ಕಿವಿರು ಕಂದು ತಿರುಗಿರುತ್ತದೆ, ಪಾಠಕ್ಕೆ ಬರುವುದಿಲ್ಲ. ಅದಕ್ಕೇ ಈ ಭಾಗವನ್ನು ಆಗಸ್ಟಿಗೆ ಇಟ್ಟುಕೊಳ್ಳುತ್ತೇನೆ. ಬಂಗಡೆಯನ್ನು ಸ್ವಚ್ಛ ಮಾಡಿಸದೆ ಇಡಿಯಾಗಿ ತರಬೇಕು. ಮಾರುವ ಅಕ್ಕಂದಿರು ಕಿವಿರು ಕಿತ್ತರೆ ಕೆಲವೊಮ್ಮೆ ಹೃದಯವೂ ಅದರ ಜೊತೆಗೇ ಬಂದುಬಿಡುತ್ತದೆ. ಮೀನು ಮುಟ್ಟದ ಮನೆಯ ಮಕ್ಕಳಿಗೆ ಒತ್ತಾಯವಿಲ್ಲ, ಅವರು ದೂರದಲ್ಲಿ ಕೂತು ಚಿತ್ರ ಬರೆಯುತ್ತಾರೆ.

ಮೊದಲು ತೋರಿಸುವುದು ಹೃದಯವನ್ನಲ್ಲ, ಕಿವಿರನ್ನು. ಒಂದು ಲೀಟರ್ ಗಾಳಿಯಲ್ಲಿ ಸುಮಾರು 210 ಮಿಲಿಲೀಟರ್ ಆಮ್ಲಜನಕ ಇದೆ. ನಮ್ಮ ಬೆಚ್ಚಗಿನ ಕಡಲಿನ ಒಂದು ಲೀಟರ್ ನೀರಿನಲ್ಲಿ 5 ಮಿಲಿಲೀಟರ್ ಕೂಡ ಇರುವುದಿಲ್ಲ. ಇಷ್ಟು ಕಡಿಮೆಯಲ್ಲಿ ಬದುಕುವುದು ಹೇಗೆ? ಕಿವಿರನ್ನು ಒಂದು ತಟ್ಟೆ ನೀರಿನಲ್ಲಿ ಬಿಡಿ, ಎಳೆಗಳೆಲ್ಲ ಬಿಚ್ಚಿಕೊಳ್ಳುತ್ತವೆ. ನೀರು ಒಂದು ದಿಕ್ಕಿಗೆ ಹರಿದರೆ, ಎಳೆಗಳ ಒಳಗೆ ರಕ್ತ ಅದರ ಎದುರು ದಿಕ್ಕಿಗೆ ಹರಿಯುತ್ತದೆ. ಹೀಗಾಗಿ ರಕ್ತಕ್ಕೆ ಕೊನೆಯವರೆಗೂ ತನಗಿಂತ ಜಾಸ್ತಿ ಆಮ್ಲಜನಕ ಇರುವ ನೀರೇ ಸಿಗುತ್ತಾ ಹೋಗುತ್ತದೆ. ಕೆಂಪು ಬಣ್ಣ ಹೀಮೋಗ್ಲೋಬಿನ್‌ನದು. ನಮ್ಮ ಲೆಕ್ಕವನ್ನೇ ತಗೊಳ್ಳಿ. 100 ಮಿಲಿಲೀಟರ್ ರಕ್ತ ಸುಮಾರು 20 ಮಿಲಿಲೀಟರ್ ಆಮ್ಲಜನಕ ಹೊರುತ್ತದೆ. ಹೀಮೋಗ್ಲೋಬಿನ್ ಇಲ್ಲದೆ ಸುಮ್ನೆ ಕರಗಿ ಹೋಗುವುದು 0.3 ಮಿಲಿಲೀಟರ್ ಅಷ್ಟೇ.

ಆಮೇಲೆ ಹೃದಯ. ಮೀನನ್ನು ಅಂಗಾತ ಮಲಗಿಸಿ, ಎರಡು ಕಿವಿರುಗಳ ನಡುವೆ ಗಂಟಲ ಕೆಳಗೆ ಸಣ್ಣ ಕತ್ತರಿಯಿಂದ ಸೀಳಬೇಕು. ಕತ್ತರಿ ಆಳಕ್ಕೆ ಇಳಿಯಬಾರದು. ಬೆರಳ ತುದಿಗಿಂತ ಚಿಕ್ಕದಾದ ಗಾಢ ಕೆಂಪು ಹೃತ್ಕುಕ್ಷಿ, ಅಂದರೆ ರಕ್ತವನ್ನು ಹೊರಗೆ ಒತ್ತುವ ಕೋಣೆ, ಕಾಣುತ್ತದೆ. ಅದರ ಅಡಿಯಲ್ಲಿ, ಬೆನ್ನಿನ ಕಡೆಗೆ, ತೆಳು ಚೀಲದಂಥ ಹೃತ್ಕರ್ಣ, ಅಂದರೆ ರಕ್ತ ಬಂದು ತುಂಬುವ ಕೋಣೆ. ಮುಂದೆ ಒಂದು ಬಿಳಿ ಉಬ್ಬು ಇದೆ, ಮಕ್ಕಳು ಅದನ್ನು ಕೊಬ್ಬು ಅಂದುಕೊಳ್ಳುತ್ತಾರೆ. ಒತ್ತಿ ನೋಡಿದರೆ ಹಿಗ್ಗಿ ಮತ್ತೆ ಮೊದಲಿನಂತಾಗುತ್ತದೆ. ಹೃದಯದ ಬಡಿತದ ಪೆಟ್ಟು ನೇರ ಕಿವಿರಿನ ನಾಜೂಕು ಎಳೆಗಳಿಗೆ ತಾಗದಂತೆ ತಡೆಯುವುದು ಇದೇ. ಇಡೀ ಹೃದಯದಲ್ಲಿ ನನಗೆ ತುಂಬ ಇಷ್ಟವಾದ ಭಾಗ ಇದು. ಇದನ್ನು ನೋಡಿದ ಮೇಲೆ ಮೀನಿನ ಹೃದಯ ಸರಳ ಎನ್ನಲು ಮನಸ್ಸು ಬರುವುದಿಲ್ಲ.

ಈ ಹೃದಯದ ಮೂಲಕ ಹಾಯುವುದು ಆಮ್ಲಜನಕ ಕಡಿಮೆಯಾದ ರಕ್ತ ಮಾತ್ರ. ಅದು ಕಿವಿರಿಗೆ ಹೋಗಿ, ಅಲ್ಲಿಂದ ಹಾಗೇ ಮೈಗೆ ಹೋಗುತ್ತದೆ. ಕಿವಿರು ದಾಟುವಾಗ ಒತ್ತಡ ಕುಸಿಯುತ್ತದೆ. ನೀರೇ ಮೈಯನ್ನು ಹೊರುವ, ಮೈ ಬಿಸಿ ಇಟ್ಟುಕೊಳ್ಳಬೇಕಿಲ್ಲದ ಬಂಗಡೆಗೆ ಅಷ್ಟು ಸಾಕು.

ಮೇಕೆಗೆ ಸಾಕಾಗುವುದಿಲ್ಲ. ಮಟನ್ ಅಂಗಡಿಯಲ್ಲಿ ಮೊದಲೇ ಹೇಳಿಟ್ಟು, ಸೀಳದ, ಮೇಲಿನ ಕೊಳವೆಗಳನ್ನು ಕತ್ತರಿಸದ ಹೃದಯ ತರುತ್ತೇನೆ. ಹೃದಯದಿಂದ ಮೈಗೆ ರಕ್ತ ಒಯ್ಯುವ ದೊಡ್ಡ ಕೊಳವೆಯಾದ ಮಹಾಪಧಮನಿಗೆ ನೀರು ಹೊಯ್ದರೆ ಕವಾಟದ ಮೂರು ಜೇಬುಗಳು ತುಂಬಿ ಮುಚ್ಚಿಕೊಳ್ಳುತ್ತವೆ, ನೀರು ಕೆಳಗೆ ಇಳಿಯುವುದಿಲ್ಲ. ಮಕ್ಕಳು ಇದನ್ನು ಮತ್ತೆ ಮತ್ತೆ ಹೊಯ್ದು ನೋಡುತ್ತಾರೆ. ನಂತರ ಅಡ್ಡ ಕೊಯ್ದಾಗ ಎಡಗೋಡೆ ದಪ್ಪ, ಬಲಗೋಡೆ ತೆಳು. ಮನುಷ್ಯನ ಲೆಕ್ಕದಲ್ಲಿ ಎಡಗಡೆ ಒತ್ತಡ 120, ಬಲಗಡೆ ಸುಮಾರು 25. ಮೈಗೆ ಬೇಕಾದ ಒತ್ತಡ ಶ್ವಾಸಕೋಶಕ್ಕೆ ಬಿದ್ದರೆ ಅಲ್ಲಿ ನೀರು ತುಂಬುತ್ತದೆ. ಅದಕ್ಕೇ ಎರಡು ಪಂಪು, ನಡುವೆ ಪೂರ್ತಿ ಗೋಡೆ. ಕೋಳಿಯ ಹೃದಯವೂ ಹೀಗೇ, ಅದನ್ನು ಬೇಗ ಮುಗಿಸುತ್ತೇನೆ.

ಕಪ್ಪೆಯನ್ನು ಕೊಯ್ಯುವುದಿಲ್ಲ. ಅದು ಚರ್ಮದಿಂದಲೂ ಆಮ್ಲಜನಕ ಎಳೆದುಕೊಳ್ಳುತ್ತದೆ, ಹಾಗಾಗಿ ಮೂರು ಕೋಣೆಯೇ ಸಾಕು ಎಂಬುದನ್ನು ಬೋರ್ಡಿನಲ್ಲಿ ಬರೆದೇ ವಿವರಿಸುತ್ತೇನೆ. ಕಡಲಾಮೆಗೆ ಬಂದಾಗ ಮಕ್ಕಳೇ ಮಾತಿಗಿಳಿಯುತ್ತಾರೆ. ಅದು ಮೊಟ್ಟೆ ಇಟ್ಟ ಜಾಗಕ್ಕೆ ಅರಣ್ಯ ಇಲಾಖೆಯವರು ಬೇಲಿ ಹಾಕುವುದನ್ನು ಕೆಲವರು ನೋಡಿರುತ್ತಾರೆ. ಆಮೆಯ ಹೃತ್ಕುಕ್ಷಿಯಲ್ಲಿ ಗೋಡೆ ಅರ್ಧವೇ ಇದೆ. ಅರೆಬರೆ ಕೆಲಸ ಅನಿಸುತ್ತದೆ, ಅಲ್ವಾ? ಆದರೆ ಉಸಿರು ಬಿಗಿಹಿಡಿದು ಮುಳುಗಿದಾಗ ಶ್ವಾಸಕೋಶಕ್ಕೆ ರಕ್ತ ಕಡಿಮೆ ಮಾಡಿ ಮೈಗೇ ತಿರುಗಿಸಲು ಅದಕ್ಕೆ ಆಗುತ್ತದೆ. ನಮ್ಮ ನಾಲ್ಕು ಕೋಣೆಯ ಹೃದಯಕ್ಕೆ ಅದು ಆಗದ ಕೆಲಸ.