ಟೆಂಡರ್‌ಗೆ ಮೊದಲಿನ ಕೆಲಸ: ರಾಯಚೂರಿನಲ್ಲಿ ಸಂಶೋಧನಾ ಜಾಲ ಕೊಂಡ ಅನುಭವ

ರಾಯಚೂರಿನ ಸಂಶೋಧನಾ ಸಂಸ್ಥೆಯೊಂದರಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವುದು ನನ್ನ ಕೆಲಸ. ಕ್ಯಾಂಪಸ್‌ನ ಒಳಜಾಲವನ್ನು ಸೆಕೆಂಡಿಗೆ 10 ಗಿಗಾಬಿಟ್ ವೇಗಕ್ಕೆ ಏರಿಸುವ ಕಡತ ಮೊದಲ ಟಿಪ್ಪಣಿಯಿಂದ ಕೊನೆಯ ಬಿಲ್ಲಿನವರೆಗೆ ನನ್ನ ಕೈಯಲ್ಲೇ ಇತ್ತು. ಸಾಮಾನು ಕೊಳ್ಳುವುದಕ್ಕಿಂತ ಏನು ಕೊಳ್ಳಬೇಕೆಂದು ಬರೆಯುವುದಕ್ಕೇ ಹೆಚ್ಚು ಕಾಲ ಹಿಡಿಯಿತು, ಹಿಡಿಯಲೂಬೇಕು.

ಹೊರಗಿನ ಸಂಪರ್ಕಕ್ಕೆ ಕೊರತೆ ಇರಲಿಲ್ಲ. 2010ರ ಮಾರ್ಚ್‌ನಲ್ಲಿ ಕೇಂದ್ರ ಸಂಪುಟ 5,990 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟ, ಕೇಂದ್ರದ ಎನ್‌ಐಸಿ (ರಾಷ್ಟ್ರೀಯ ಮಾಹಿತಿ ಕೇಂದ್ರ) ನಡೆಸುವ, ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳನ್ನು ಜೋಡಿಸುವ ರಾಷ್ಟ್ರೀಯ ಜ್ಞಾನ ಜಾಲದ 1 ಗಿಗಾಬಿಟ್ ಕೊಂಡಿ ನಮ್ಮಲ್ಲಿಗೆ ಬಂದಿತ್ತು. ಆದರೆ ಅದು ಸರ್ವರ್ ಕೋಣೆ ದಾಟಿ ಲ್ಯಾಬ್ ಮುಟ್ಟುತ್ತಿರಲಿಲ್ಲ, ನಡುವೆ ಇದ್ದದ್ದು ಕಂಪ್ಯೂಟರ್‌ಗಳನ್ನು ಜಾಲಕ್ಕೆ ಜೋಡಿಸುವ 100 ಮೆಗಾಬಿಟ್‌ನ ಹಳೆ ಸ್ವಿಚ್‌ಗಳು. ತುಂಗಭದ್ರಾ ಎಡದಂಡೆ ಅಚ್ಚುಕಟ್ಟಿನ ಭತ್ತವನ್ನು ಉಪಗ್ರಹ ಚಿತ್ರಗಳಲ್ಲಿ ಅಧ್ಯಯನ ಮಾಡುವ ಮೇಡಂ ಒಬ್ಬರು ಹಾರ್ಡ್ ಡಿಸ್ಕನ್ನೇ ಬಸ್ಸಿನಲ್ಲಿ ಬೆಂಗಳೂರಿಗೆ ಕಳಿಸುತ್ತಿದ್ದರು.

ಹಣಕಾಸು ಅಧಿಕಾರಿಗಳು ಕೇಳಿದ್ದು ನ್ಯಾಯವಾದ ಪ್ರಶ್ನೆ: "ಇಂಟರ್ನೆಟ್ ಬರಾಕತ್ತೈತಲ್ರೀ, ಮತ್ಯಾಕ ಇಷ್ಟ್ ರೊಕ್ಕ?" ಉತ್ತರವನ್ನು ಟಿಪ್ಪಣಿಯಲ್ಲಿ ಲೆಕ್ಕವಾಗಿ ಬರೆದೆ. ಒಂದು ಟೆರಾಬೈಟ್ ದತ್ತಾಂಶ ಸಾಗಲು 100 ಮೆಗಾಬಿಟ್‌ನಲ್ಲಿ ಏನೂ ಅಡ್ಡಿ ಇಲ್ಲದಿದ್ದರೂ 22 ಗಂಟೆ ಮೀರುತ್ತದೆ. 1 ಗಿಗಾಬಿಟ್‌ನಲ್ಲಿ ಸುಮಾರು ಎರಡೂಕಾಲು ಗಂಟೆ, ಕ್ಯಾಂಪಸ್ ಒಳಗೆ 10 ಗಿಗಾಬಿಟ್ ಇದ್ದರೆ ಕಾಲು ಗಂಟೆಯೂ ಬೇಡ. ಪಕ್ಕದಲ್ಲಿ ಯಾವ ವಿಭಾಗಕ್ಕೆ ತಿಂಗಳಿಗೆ ಎಷ್ಟು ದತ್ತಾಂಶ ಎಂಬ ಪಟ್ಟಿ ಇಟ್ಟೆ. ಆಡಳಿತಾತ್ಮಕ ಅನುಮೋದನೆ ಸಿಕ್ಕಿತು.

ಕೆಲವರು ಕೆಟಿಪಿಪಿ ಕಾಯ್ದೆಯ (ಸರ್ಕಾರಿ ಖರೀದಿಗೆ ಟೆಂಡರ್ ಕಡ್ಡಾಯ ಮಾಡುವ ರಾಜ್ಯದ ಕಾಯ್ದೆ) 4(ಜಿ) ಅಡಿ ಟೆಂಡರ್‌ನಿಂದ ವಿನಾಯಿತಿ ಕೇಳೋಣ, ಬೇಗ ಮುಗಿಯುತ್ತದೆ ಎಂದರು. ನಾನು ಒಪ್ಪಲಿಲ್ಲ. ಸ್ವಿಚ್, ಫೈಬರ್ ಮಾರುವವರು ಬೇಕಾದಷ್ಟು ಜನ ಇರುವಾಗ ಸ್ಪರ್ಧೆ ತಪ್ಪಿಸಲು ಕಾರಣವೇ ಇಲ್ಲ. ತಾಂತ್ರಿಕ ಲಕೋಟೆ, ಹಣಕಾಸು ಲಕೋಟೆ ಬೇರೆ ಬೇರೆ ಇಟ್ಟು ಮುಕ್ತ ಟೆಂಡರ್‌ಗೇ ಹೋದೆವು.

ತಾಂತ್ರಿಕ ವಿವರದಲ್ಲಿ ಬ್ರ್ಯಾಂಡ್ ಹೆಸರು ಬರೆಯದೆ ಸಾಧಿಸಬೇಕಾದ ಕೆಲಸ ಬರೆದೆ. ಫೈರ್‌ವಾಲ್ ವಿಷಯದಲ್ಲಿ ಇದು ತುಂಬಾ ಮುಖ್ಯ. ಕಂಪನಿಯ ಕರಪತ್ರದಲ್ಲಿ ದಪ್ಪ ಅಕ್ಷರದಲ್ಲಿ ಕಾಣುವ ವೇಗ ಬರೀ ಪ್ಯಾಕೆಟ್ (ದತ್ತಾಂಶದ ಸಣ್ಣ ತುಣುಕು) ದಾಟಿಸುವಾಗಿನದು. ವೈರಸ್ ತಪಾಸಣೆ, ದಾಳಿ ತಡೆ ಎಲ್ಲ ಚಾಲೂ ಮಾಡಿದರೆ ಅದರ ಒಂದು ಸಣ್ಣ ಪಾಲು ಮಾತ್ರ ಉಳಿಯುತ್ತದೆ. ಆದ್ದರಿಂದ "ಎಲ್ಲ ರಕ್ಷಣೆ ಚಾಲೂ ಇದ್ದಾಗ ಇಷ್ಟು ವೇಗ" ಎಂದು ಷರತ್ತು ಹಾಕಿದೆ. ಸಂಶೋಧನೆಯ ದೊಡ್ಡ ಫೈಲುಗಳಿಗೆ ಬೇರೆ ದಾರಿಯನ್ನೇ ಇಟ್ಟೆವು. ಅಮೆರಿಕದ ಇಎಸ್‌ನೆಟ್ ಜಾಲದವರು ಸೈನ್ಸ್ ಡಿಎಂಝಡ್ ಎಂದು ಕರೆಯುವ ಏರ್ಪಾಡು ಇದು: ದತ್ತಾಂಶ ಸಾಗಿಸುವುದಕ್ಕೇ ಮೀಸಲಾದ ಒಂದು ಸರ್ವರ್ ಜಾಲದ ಅಂಚಿನಲ್ಲಿ, ತನ್ನದೇ ಬಿಗಿ ನಿಯಮಗಳೊಂದಿಗೆ ಇರುತ್ತದೆ. ಬೇರೆ ದಾರಿ ಏಕೆಂದರೆ ಫೈರ್‌ವಾಲ್‌ನಲ್ಲಿ ಪ್ಯಾಕೆಟ್‌ಗಳು ಕಳೆಯಬಹುದು, ದೂರದ ಸಂಪರ್ಕದಲ್ಲಿ ಅಂಥ ಸಣ್ಣ ಸೋರಿಕೆಯೂ ದುಬಾರಿ. ಹೋಗಿಬರಲು 20 ಮಿಲಿಸೆಕೆಂಡ್ ಹಿಡಿಯುವ ಹಾದಿಯಲ್ಲಿ ಸಾವಿರಕ್ಕೊಂದು ಪ್ಯಾಕೆಟ್ ಕಳೆದರೂ, ದತ್ತಾಂಶ ಕಳಿಸುವ ನಿಯಮಾವಳಿಯಾದ ಸಾಂಪ್ರದಾಯಿಕ ಟಿಸಿಪಿ ಲೆಕ್ಕದಲ್ಲಿ ಒಂದು ಸಂಪರ್ಕಕ್ಕೆ 25 ಮೆಗಾಬಿಟ್ ಕೂಡ ದಕ್ಕುವುದಿಲ್ಲ.

ನಮ್ಮ ಊರಿನ ಮಣ್ಣು, ಬಿಸಿಲು ಎರಡೂ ಟೆಂಡರ್‌ನಲ್ಲಿ ಬರಬೇಕು. ಎರೆಮಣ್ಣು ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ಮಳೆಗೆ ಉಬ್ಬುತ್ತದೆ, ನೇರ ಹೂತ ಕೇಬಲ್ಲನ್ನು ಎಳೆದು ಹಾಕುತ್ತದೆ. ಅದಕ್ಕೆ ಗಟ್ಟಿ ಪ್ಲಾಸ್ಟಿಕ್ಕಿನ ಎಚ್‌ಡಿಪಿಇ ಪೈಪು, ಜೊತೆಗೆ ಒಂದು ಖಾಲಿ ಪೈಪು ಕಡ್ಡಾಯ ಮಾಡಿದೆವು. ಕೇಬಲ್‌ಗೆ ನೆಲ ಅಗೆಯುವ ಖರ್ಚಿನ ಮುಂದೆ ಫೈಬರ್ ಎಳೆಗಳ ಖರ್ಚು ಏನೂ ಅಲ್ಲ, 6 ಎಳೆ ಸಾಕಾಗುವಲ್ಲೂ 24 ಎಳೆಯ ಸಿಂಗಲ್ ಮೋಡ್ ಫೈಬರ್ ಹಾಕಿಸಿ. ಮೆಟ್ಟಿಲ ಕೆಳಗಿನ ರ‍್ಯಾಕ್‌ಗೆ ಎಸಿ ಇರುವುದಿಲ್ಲ, ಮೇ ತಿಂಗಳಲ್ಲಿ ಹೊರಗೇ 40 ಡಿಗ್ರಿ ದಾಟಿರುತ್ತದೆ. ಆದ್ದರಿಂದ ಅಲ್ಲಿನ ಸ್ವಿಚ್ 50 ಡಿಗ್ರಿ ತಡೆಯಬೇಕು ಎಂದು ಕೇಳಿದೆವು.

ಬಿಡ್ ಹಾಕುವ ಮೊದಲು ಕಂಪನಿಗಳ ಅನುಮಾನ ಬಗೆಹರಿಸುವ ಪ್ರಿ-ಬಿಡ್ ಸಭೆಯಲ್ಲಿ ಕಂಪನಿಯವರೊಬ್ಬರು, "ಸರ್, ಎಸ್‌ಎಫ್‌ಪಿ ಮಾಡ್ಯೂಲು ಸ್ವಿಚ್ ದರದೊಳಗೇ ಸೇರಬೇಕೇನ್ರೀ?" ಎಂದರು. ಒಳ್ಳೆಯ ಪ್ರಶ್ನೆ. ಎಸ್‌ಎಫ್‌ಪಿ ಎಂದರೆ ವಿದ್ಯುತ್ ಸಂಕೇತವನ್ನು ಫೈಬರಿನ ಬೆಳಕಾಗಿ ಬದಲಿಸುವ ಸಣ್ಣ ಬಿಡಿಭಾಗ, ಅದಿಲ್ಲದ ಸ್ವಿಚ್‌ಗೆ ಫೈಬರ್ ಸಿಕ್ಕಿಸಲು ಬರುವುದೇ ಇಲ್ಲ, ಅಗ್ಗದ ದರದ ಗುಟ್ಟು ಎಷ್ಟೋ ಸಲ ಅಲ್ಲೇ ಇರುತ್ತದೆ. ಮಾಡ್ಯೂಲ್, ಪ್ಯಾಚ್ ಕಾರ್ಡ್, ಐದು ವರ್ಷದ ಲೈಸೆನ್ಸ್ ಎಲ್ಲವನ್ನೂ ದರಪಟ್ಟಿಯಲ್ಲಿ ಪ್ರತ್ಯೇಕ ಸಾಲಾಗಿ ತೋರಿಸಿ, ಒಟ್ಟು ಮೊತ್ತದ ಮೇಲೆ ಎಲ್-1 (ಅತಿ ಕಡಿಮೆ ದರದವರು) ಯಾರೆಂದು ತೀರ್ಮಾನಿಸುವುದಾಗಿ ತಿದ್ದುಪಡಿ ಹೊರಡಿಸಿದೆವು.

ಪೇಮೆಂಟನ್ನು ಪರೀಕ್ಷೆಗೆ ಕಟ್ಟಿಹಾಕಿದ್ದು ಎಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬಂತು. ಲ್ಯಾಬ್‌ನ ಯಂತ್ರದಿಂದ ಸರ್ವರ್ ಕೋಣೆಗೆ ವೇಗ ಅಳೆಯುವ ಐಪರ್ಫ್3 ತಂತ್ರಾಂಶ ಓಡಿಸಿ ಒಪ್ಪಿದ ವೇಗ ತೋರಿಸಬೇಕು, ಫೈಬರಿನಲ್ಲಿ ಎಲ್ಲಿ ಎಷ್ಟು ಬೆಳಕು ಸೋರುತ್ತದೆಂದು ತೋರಿಸುವ ಒಟಿಡಿಆರ್ ವರದಿಯನ್ನು ಪ್ರತಿ ಎಳೆಗೂ ಕೊಡಬೇಕು, ಆಮೇಲೆಯೇ ಬಿಲ್ಲಿನ ಉಳಿದ ಪಾಲು. ಒಂದು ಕಟ್ಟಡದಲ್ಲಿ ಲಿಂಕ್ ದೀಪ ಹಸಿರಾಗಿಯೇ ಉರಿಯುತ್ತಿತ್ತು, ವೇಗ ಮಾತ್ರ ಏರಲಿಲ್ಲ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕನೆಕ್ಟರ್ ತುದಿಯ ಮೇಲೆ ಧೂಳಿನ ಕಣ. ಗುತ್ತಿಗೆದಾರರ ಹುಡುಗ ಒರೆಸಿ ಮತ್ತೆ ಸಿಕ್ಕಿಸಿದ, ವೇಗ ಏರಿತು. ಆ ಷರತ್ತು ಇರದಿದ್ದರೆ ಹಸಿರು ದೀಪ ನೋಡಿಯೇ ಬಿಲ್ ಪಾಸಾಗುತ್ತಿತ್ತು.

ನಿಮ್ಮ ಕಚೇರಿಯಲ್ಲಿ ಇಂಥ ಕಡತ ಹೊರಡಿಸುವವರಿದ್ದರೆ ಎಎಂಸಿ (ವಾರ್ಷಿಕ ನಿರ್ವಹಣಾ ಒಪ್ಪಂದ) ಮತ್ತು ವಿದ್ಯುತ್ ಖರ್ಚಿಗೆ ಪ್ರತಿವರ್ಷದ ಲೆಕ್ಕಶೀರ್ಷಿಕೆಯನ್ನು ಮೊದಲ ಟಿಪ್ಪಣಿಯಲ್ಲೇ ಕೇಳಿ. ಉಪಕರಣಕ್ಕೆ ಒಮ್ಮೆ ಬರುವ ಅನುದಾನದಲ್ಲಿ ಅವಕ್ಕೆ ಜಾಗ ಇರುವುದಿಲ್ಲ.